ಮನೆ ಮಾರಿಬಿಟ್ಟರು, ಅಡ್ವಾನ್ಸ್ ಯಾರನ್ನು ಕೇಳಲಿ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಆರು ವರ್ಷದಿಂದ ಬಾಡಿಗೆಗೆ ಇದ್ದೇವೆ. ಬಂದಾಗ ಬಾಡಿಗೆ 15,000 ರೂಪಾಯಿ. ಹತ್ತು ತಿಂಗಳ ಲೆಕ್ಕದಲ್ಲಿ 1,50,000 ಅಡ್ವಾನ್ಸ್ ಕೊಟ್ಟೆವು. ಈಗ ಬಾಡಿಗೆ 19,000. ಹನ್ನೊಂದು ತಿಂಗಳ ಅಗ್ರಿಮೆಂಟ್ ಎರಡು ಸಲ ಹೊಸದಾಗಿ ಮಾಡಿಸಿದೆವು, ಆಮೇಲೆ ನಾವೂ ಮರೆತೆವು, ಅವರೂ ಮರೆತರು. ಜನವರಿ 5ಕ್ಕೆ ಎಂದಿನಂತೆ ಓನರ್ ಅಕೌಂಟಿಗೆ ಬಾಡಿಗೆ ಹಾಕಿದೆ. 12ನೇ ತಾರೀಖು ಒಬ್ಬರು ಇನ್ನಿಬ್ಬರನ್ನು ಕರೆದುಕೊಂಡು ಬಂದು, ಡಿಸೆಂಬರ್‌ನಲ್ಲೇ ಈ ಮನೆ ಕೊಂಡಿದ್ದೇನೆ ಅಂದರು. ಒಡೆದು ಹೊಸದಾಗಿ ಕಟ್ಟಿಸಬೇಕಂತೆ. ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. ಜನವರಿ ಬಾಡಿಗೆಯೂ ಅವರಿಗೇ ಸೇರಬೇಕಂತೆ. ಅಡ್ವಾನ್ಸ್ ಕೇಳಿದರೆ "ನನಗೆ ಗೊತ್ತಿಲ್ಲ, ಹಳಬರನ್ನು ಕೇಳಿ" ಅಂದರು. ಹಳೇ ಓನರ್ ಫೋನಿನಲ್ಲಿ "ಎಲ್ಲಾ ಅವರಿಗೇ ವಹಿಸಿದ್ದೇನೆ" ಅನ್ನುತ್ತಾರೆ. ಹೊಸಬರು ಒಂದು ಟೈಪ್ ಮಾಡಿದ ಪತ್ರ ಕೊಟ್ಟು ಸಹಿ ಹಾಕಿ ಅಂದಿದ್ದಾರೆ. ಹೋಗುವಾಗ ನೀರು ಕಟ್ ಮಾಡಿಸುತ್ತೇನೆ ಅಂತ ಹೇಳಿ ಹೋದರು. ಮಗಳಿಗೆ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಮ್ಮ ಯಜಮಾನರು "ಬಾಡಿಗೆ ನಿಲ್ಲಿಸಿ ಅಡ್ವಾನ್ಸ್‌ನಲ್ಲಿ ಕಳೆದುಬಿಡೋಣ" ಅನ್ನುತ್ತಾರೆ. ನಾದಿನಿ "ಹನ್ನೆರಡು ವರ್ಷ ಇದ್ದರೆ ಮನೆಯೇ ನಿಮ್ಮದಾಗುತ್ತೆ, ಅರ್ಧ ದಾರಿ ಬಂದಿದ್ದೀರಿ" ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಏಳೆಂಟಿದ್ದರೂ ಒಳಗಿರುವ ಭಯ ಎರಡೇ. ಫೆಬ್ರವರಿ ಒಂದಕ್ಕೆ ಸಾಮಾನು ಬೀದಿಗೆ ಬೀಳುತ್ತದಾ? ಒಂದೂವರೆ ಲಕ್ಷ ಮುಳುಗುತ್ತದಾ? ಮೊದಲನೆಯದಕ್ಕೆ ಅಷ್ಟು ಹೆದರಬೇಡಿ. ಎರಡನೆಯದಕ್ಕೆ ಸ್ವಲ್ಪ ಹೆದರಿ. ನನ್ನ ಬಳಿ ಬರುವ ಇಂಥ ಕೇಸುಗಳಲ್ಲಿ ಜನ ಮನೆ ಉಳಿಸಿಕೊಳ್ಳಲು ಓಡಾಡುತ್ತಾರೆ, ಕಳೆದುಕೊಳ್ಳುವುದು ಮಾತ್ರ ಅಡ್ವಾನ್ಸ್.

ಆ ಟೈಪ್ ಮಾಡಿದ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ ತಾನೇ? ಹಾಕಿಲ್ಲದಿದ್ದರೆ ಸದ್ಯಕ್ಕೆ ಹಾಕಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮನೆ ಮಾರಿದ ಕೂಡಲೇ ಬಾಡಿಗೆ ಒಪ್ಪಂದ ಸತ್ತುಹೋಗುತ್ತದೆ ಅಂತ ಹೊಸ ಓನರ್‌ಗಳೂ ನಂಬಿದ್ದಾರೆ, ಬ್ರೋಕರ್‌ಗಳೂ ನಂಬಿಸುತ್ತಾರೆ. ಅದು ಹಾಗಲ್ಲ. ನಮ್ಮಲ್ಲಿ ಇದನ್ನು ನೋಡಿಕೊಳ್ಳುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 109ನೇ ಸೆಕ್ಷನ್ ಪ್ರಕಾರ ಮನೆ ಕೊಂಡವನು ಹಳೇ ಓನರ್ ಕೂತಿದ್ದ ಕುರ್ಚಿಯಲ್ಲೇ ಬಂದು ಕೂರುತ್ತಾನೆ. ಹಳಬನಿಗೆ ನಿಮ್ಮ ಮೇಲೆ ಏನು ಹಕ್ಕಿತ್ತೋ ಅದಷ್ಟೇ ಇವನಿಗೆ ಬರುತ್ತದೆ, ಒಂದು ಗುಲಗಂಜಿ ಜಾಸ್ತಿ ಇಲ್ಲ. ಹಳೇ ಓನರ್ ನಿಮ್ಮನ್ನು ರಾತ್ರೋರಾತ್ರಿ ಹೊರಗೆ ಹಾಕಲು ಆಗುತ್ತಿರಲಿಲ್ಲ ಅಲ್ವಾ? ಹಾಗಾದರೆ ಇವರಿಗೂ ಆಗುವುದಿಲ್ಲ.

"ಮನೆಯಲ್ಲಿ ಬಾಡಿಗೆದಾರರು ಇದ್ದಾರೆ ಅಂತ ನನಗೆ ಯಾರೂ ಹೇಳಲಿಲ್ಲ" ಅನ್ನುವ ಮಾತೂ ನಡೆಯುವುದಿಲ್ಲ. ಒಂದು ಆಸ್ತಿಯಲ್ಲಿ ಯಾರಾದರೂ ವಾಸವಿದ್ದರೆ ಅವರ ಹಕ್ಕೇನು ಅಂತ ಕೊಳ್ಳುವವನೇ ವಿಚಾರಿಸಿಕೊಳ್ಳಬೇಕು. ವಿಚಾರಿಸದಿದ್ದರೂ ಗೊತ್ತಿತ್ತು ಅಂತಲೇ ಅದೇ ಕಾಯ್ದೆಯ 3ನೇ ಸೆಕ್ಷನ್ ಲೆಕ್ಕ ಹಾಕುತ್ತದೆ. ನಿಮ್ಮ ಬಾಲ್ಕನಿಯಲ್ಲಿ ಒಣಗುತ್ತಿದ್ದ ಬಟ್ಟೆಯೇ ಅವರಿಗೆ ನೋಟಿಸ್ ಅಂದುಕೊಳ್ಳಿ.

ಇನ್ನು ಜನವರಿ ಬಾಡಿಗೆ. ಇದು ಸುಲಭ. ಮಾರಾಟದ ಸುದ್ದಿ ಗೊತ್ತಿಲ್ಲದೆ ನೀವು 5ನೇ ತಾರೀಖು ಹಳೇ ಓನರ್‌ಗೆ ಹಾಕಿದ ದುಡ್ಡನ್ನು ಎರಡನೇ ಸಲ ಕೊಡಬೇಕಾಗಿಲ್ಲ ಅಂತ 109ನೇ ಸೆಕ್ಷನ್ನೇ ನೇರವಾಗಿ ಹೇಳುತ್ತದೆ. ಅದು ಅವರಿಬ್ಬರ ನಡುವಿನ ಲೆಕ್ಕ. ಹಾಗೆಯೇ ಮಾರಾಟಕ್ಕೆ ಮುಂಚಿನ ಬಾಕಿ ಏನಾದರೂ ಇದ್ದರೆ ಅದು ಹಳಬರಿಗೇ ಸೇರಬೇಕು, ಹಳಬರು ಅದನ್ನು ಬರೆದುಕೊಟ್ಟಿದ್ದರೆ ಮಾತ್ರ ಹೊಸಬರು ಕೇಳಬಹುದು. ಆದರೆ ಫೆಬ್ರವರಿಯಿಂದ ಹೊಸ ಓನರ್‌ಗೇ ಕೊಡಬೇಕು. ಈಗ ನಿಮಗೆ ಸುದ್ದಿ ಗೊತ್ತಾಗಿದೆ. ಗೊತ್ತಿದ್ದೂ ಹಳಬರ ಅಕೌಂಟಿಗೆ ಹಾಕಿದರೆ ಆ ರಕ್ಷಣೆ ಸಿಗುವುದಿಲ್ಲ.

ಕೊಡುವ ಮುಂಚೆ ಅವರು ನಿಜವಾಗಿಯೂ ಓನರ್ ಹೌದಾ ಅಂತ ನೋಡಿಕೊಳ್ಳಿ. ಬರೀ ಸೇಲ್ ಅಗ್ರಿಮೆಂಟ್ ಮಾಡಿಕೊಂಡು, ಒಂದಷ್ಟು ದುಡ್ಡು ಕೊಟ್ಟು, ಓನರ್ ಥರ ಬಂದು ನಿಲ್ಲುವವರು ಬೇಕಾದಷ್ಟು ಜನ ಇದ್ದಾರೆ. ಸೇಲ್ ಅಗ್ರಿಮೆಂಟ್‌ನಿಂದ ಮಾಲೀಕತ್ವ ಬರುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗಿರಬೇಕು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಆಸ್ತಿಯ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದರೆ ಮಾರಾಟ ನೋಂದಣಿ ಆಗಿದೆಯಾ, ಯಾವತ್ತು ಆಗಿದೆ, ಸಾಲಕ್ಕೆ ಅಡಮಾನ ಬರೆದುಕೊಟ್ಟಿದ್ದಾರಾ ಅನ್ನುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಬೇಡಿ. ಆ ಕ್ರಯಪತ್ರದ ದೃಢೀಕೃತ ನಕಲನ್ನೂ ತೆಗೆಸಿ. ಸ್ಥಿರಾಸ್ತಿಯ ನೋಂದಾಯಿತ ಪತ್ರಗಳು ಸಾರ್ವಜನಿಕ ದಾಖಲೆ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನಕಲು ಪಡೆಯಬಹುದು. ಓನರ್ ತೋರಿಸಲಿ ಅಂತ ಕಾಯಬೇಕಾಗಿಲ್ಲ.

ಆ ನಕಲಿನಲ್ಲಿ ಒಂದೇ ಒಂದು ವಿಷಯ ಹುಡುಕಿ: ನಿಮ್ಮ ಬಗ್ಗೆ ಏನು ಬರೆದಿದೆ? ಕೆಲವು ಪತ್ರಗಳಲ್ಲಿ ಬಾಡಿಗೆದಾರರ ಹೆಸರು, ಅಡ್ವಾನ್ಸ್ ಮೊತ್ತ, ಅದನ್ನು ಕ್ರಯದ ಹಣದಲ್ಲಿ ಕಳೆದುಕೊಳ್ಳಲಾಗಿದೆ ಅನ್ನುವ ಸಾಲು ಇರುತ್ತದೆ. ಇದ್ದರೆ ನಿಮ್ಮ ಅದೃಷ್ಟ. ಆ ದುಡ್ಡು ಹೊಸಬರ ಹತ್ತಿರವೇ ಉಳಿದಿದೆ, "ನನಗೆ ಗೊತ್ತಿಲ್ಲ" ಅನ್ನುವ ಮಾತು ಅಲ್ಲೇ ಮುಗಿಯಿತು. ಆದರೆ ಬಹಳಷ್ಟು ಪತ್ರಗಳಲ್ಲಿ "ಖಾಲಿ ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ" ಅಂತ ಕಣ್ಣುಮುಚ್ಚಿ ಬರೆದಿರುತ್ತಾರೆ. ನೀವು ಮೇಲ್ಗಡೆ ಅಡುಗೆ ಮಾಡುತ್ತಿರುತ್ತೀರಿ, ಪತ್ರದ ಪ್ರಕಾರ ಮನೆ ಖಾಲಿ! ಹಾಗಿದ್ದರೂ ನಿಮಗೆ ನಷ್ಟವಿಲ್ಲ. ಸುಳ್ಳು ಹೇಳಿದ ಹಳೇ ಓನರ್ ಹೊಸಬರಿಗೆ ಉತ್ತರ ಕೊಡಬೇಕಾಗುತ್ತದೆ. ಹಳಬರು ನಿಮ್ಮ ಫೋನಿಗೆ ಯಾಕೆ ಅಷ್ಟು ಚುಟುಕಾಗಿ ಮಾತಾಡುತ್ತಿದ್ದಾರೆ ಅನ್ನುವುದು ಆಗ ಅರ್ಥವಾಗುತ್ತದೆ.

ಈಗ ಅಡ್ವಾನ್ಸ್ ವಿಷಯಕ್ಕೆ ಬರೋಣ. ಇಲ್ಲಿ ಬೆಂಗಳೂರಿನ ಒಂದು ಪದ್ಧತಿಯನ್ನು ಅರ್ಥ ಮಾಡಿಕೊಳ್ಳಬೇಕು. ಹತ್ತು ತಿಂಗಳ ಅಡ್ವಾನ್ಸ್ ಅನ್ನುವುದನ್ನು ಯಾವ ಓನರ್ರೂ ಬ್ಯಾಂಕಿನಲ್ಲಿ ಎತ್ತಿಟ್ಟಿರುವುದಿಲ್ಲ. ಮಗನ ಫೀಸಿಗೋ, ಮೇಲಿನ ಮಹಡಿ ಕಟ್ಟಲೋ ಅದು ಹೋಗಿರುತ್ತದೆ. ನೀವು ಖಾಲಿ ಮಾಡಿದಾಗ ಮುಂದೆ ಬರುವ ಬಾಡಿಗೆದಾರ ಕೊಡುವ ಅಡ್ವಾನ್ಸನ್ನೇ ನಿಮಗೆ ಕೊಟ್ಟು ಕಳಿಸುತ್ತಾರೆ. ಒಬ್ಬರ ದುಡ್ಡು ಇನ್ನೊಬ್ಬರಿಗೆ, ಹೀಗೇ ಸರಪಳಿ. ಮನೆ ಒಡೆಯುತ್ತೇವೆ ಅಂದಾಗ ಆ ಸರಪಳಿ ಕಡಿಯುತ್ತದೆ. ಮುಂದಿನ ಬಾಡಿಗೆದಾರ ಬರುವುದೇ ಇಲ್ಲ. ಆಗ ಅಡ್ವಾನ್ಸನ್ನು ಯಾರಾದರೊಬ್ಬರು ತಮ್ಮ ಸ್ವಂತ ಜೇಬಿನಿಂದ ಕೊಡಬೇಕು. "ಅವರನ್ನು ಕೇಳಿ, ಇವರನ್ನು ಕೇಳಿ" ಆಟ ಶುರುವಾಗುವುದು ಅಲ್ಲಿ. ವಿಜಯನಗರ, ರಾಜಾಜಿನಗರ, ಬನಶಂಕರಿ ಕಡೆಯ ಹಳೇ ಮೂವತ್ತು-ನಲವತ್ತು ಸೈಟಿನ ಮನೆಗಳು ಒಂದೊಂದಾಗಿ ನೆಲಕ್ಕೆ ಬಿದ್ದು ನಾಲ್ಕು ಮಹಡಿ ಏಳುತ್ತಿರುವ ಕಾಲದಲ್ಲಿ ಈ ಪ್ರಶ್ನೆ ನನಗೆ ತಿಂಗಳಿಗೆ ಎರಡಾದರೂ ಬರುತ್ತದೆ.

ಕಾನೂನು ಏನನ್ನುತ್ತದೆ? ಮನೆ ಮಾರಿದೆ ಅಂದ ಮಾತ್ರಕ್ಕೆ ಹಳೇ ಓನರ್ ತನ್ನ ಹೊಣೆಯಿಂದ ಬಿಡುಗಡೆ ಆಗುವುದಿಲ್ಲ. 109ನೇ ಸೆಕ್ಷನ್‌ನಲ್ಲಿ ಇದು ಇದೆ. ಆದರೆ ಅದರ ಬೆನ್ನಿಗೇ ಒಂದು ಸಣ್ಣ ಮಾತೂ ಇದೆ. ಹೊಸ ಓನರ್ರೇ ತನಗೆ ಹೊಣೆ ಅಂತ ಬಾಡಿಗೆದಾರ ಆರಿಸಿಕೊಂಡರೆ ಹಳಬನ ಹೊಣೆ ಹೋಗುತ್ತದೆ. ಆರಿಸಿಕೊಳ್ಳುವುದು ನಿಮ್ಮ ಹಕ್ಕು. ಆದರೆ ಆರಿಸಿಕೊಂಡಿದ್ದೇನೆ ಅಂತ ಗೊತ್ತಿಲ್ಲದೆಯೇ ಬರೆದುಕೊಟ್ಟುಬಿಡುವವರೇ ಜಾಸ್ತಿ.

ನಿಮಗೆ ಕೊಟ್ಟಿರುವ ಪತ್ರ ಅದೇ ಇರಬಹುದು. ವಕೀಲರು ಇದನ್ನು ಅಟಾರ್ನ್‌ಮೆಂಟ್ ಲೆಟರ್ ಅನ್ನುತ್ತಾರೆ. "ಇವರನ್ನು ನನ್ನ ಮಾಲೀಕರೆಂದು ಒಪ್ಪಿದ್ದೇನೆ, ಇನ್ನು ಮುಂದೆ ಬಾಡಿಗೆ ಇವರಿಗೇ ಕೊಡುತ್ತೇನೆ" ಅಂತ ಇರುತ್ತದೆ. ಇಷ್ಟೇ ಇದ್ದರೆ ಅಪಾಯ ಕಡಿಮೆ. ಆದರೆ ಕೆಳಗಿನ ಪ್ಯಾರಾದಲ್ಲಿ "ಹಳೆಯ ಮಾಲೀಕರಿಂದ ನನಗೆ ಏನೂ ಬರಬೇಕಾಗಿಲ್ಲ" ಅಂತಲೋ, "ಇಂಥ ದಿನಾಂಕದೊಳಗೆ ಖಾಲಿ ಮಾಡುತ್ತೇನೆ" ಅಂತಲೋ ಸೇರಿಸಿರುತ್ತಾರೆ. ಕೆಲವು ವರ್ಷದ ಹಿಂದೆ ನನ್ನ ಬಳಿ ಬಂದ ಒಬ್ಬ ನಿವೃತ್ತ ಮೇಷ್ಟ್ರು ಇಂಥ ಪತ್ರಕ್ಕೆ ಟೀ ಕುಡಿಯುತ್ತಾ ಸಹಿ ಹಾಕಿಕೊಟ್ಟಿದ್ದರು. ಒಳ್ಳೆಯ ಮಾತಾಡಿದರು ಅಂತ ಹಾಕಿದೆ ಸಾರ್ ಅಂದರು. ಹಳೇ ಓನರ್ ಆ ಸಹಿ ತೋರಿಸಿ ಕೈ ಎತ್ತಿದ. ಹೊಸಬ "ಈ ಪತ್ರದಲ್ಲಿ ಅಡ್ವಾನ್ಸ್ ಅಂತ ಎಲ್ಲಿದೆ ತೋರಿಸಿ" ಅಂದ. ಎರಡು ವರ್ಷ ಓಡಾಡಿ ಅರ್ಧ ದುಡ್ಡು ಬಂತು.

ಹೊಸ ಓನರ್ ಆಗುವುದಕ್ಕೆ ನಿಮ್ಮ ಸಹಿ ಬೇಕೇ ಇಲ್ಲ ಅನ್ನುವುದನ್ನೂ ತಿಳಿದಿರಿ. ಕ್ರಯಪತ್ರ ನೋಂದಣಿ ಆದ ದಿನವೇ ಹಕ್ಕು ಅವರಿಗೆ ಹೋಗಿದೆ. ಹಾಗಾಗಿ "ಸಹಿ ಹಾಕದಿದ್ದರೆ ನೀವು ಅಕ್ರಮ ವಾಸಿಗಳು" ಅಂದರೆ ನಗಬಹುದು. ಮನಸ್ಸಿನಲ್ಲೇ ನಗಿ.

ನೀವು ಬರೆದುಕೊಳ್ಳಬೇಕಾದ ಪತ್ರ ಬೇರೆ. ಅದರಲ್ಲಿ ಮೂರು ಸಹಿ ಇರಬೇಕು: ಹಳೇ ಓನರ್, ಹೊಸ ಓನರ್, ನೀವು. ಬಾಡಿಗೆ ಎಷ್ಟು, ಅಡ್ವಾನ್ಸ್ 1,50,000 ಯಾವತ್ತು ಯಾರಿಗೆ ಹೇಗೆ ಕೊಟ್ಟದ್ದು, ಅದನ್ನು ಈಗ ವಾಪಸ್ ಕೊಡುವವರು ಯಾರು, ಯಾವತ್ತು, ಖಾಲಿ ಮಾಡುವ ದಿನ ಯಾವುದು. ಒಂದು ಪುಟ ಸಾಕು. ಹಳಬರು ಬರಲು ಒಪ್ಪದಿದ್ದರೆ ಹೊಸಬರೊಬ್ಬರೇ "1,50,000 ಅಡ್ವಾನ್ಸ್ ನಾನು ಹಿಂದಿರುಗಿಸುತ್ತೇನೆ" ಅಂತ ಬರೆದು ಸಹಿ ಹಾಕಿದರೂ ನಡೆಯುತ್ತದೆ. ಇಬ್ಬರೂ ಒಪ್ಪದಿದ್ದರೆ ಇಬ್ಬರಿಗೂ ವಕೀಲರ ನೋಟಿಸ್ ಹೋಗಬೇಕು. ಒಬ್ಬರಿಗೆ ಮಾತ್ರ ಕಳಿಸುವುದು ನಾನು ಕಂಡ ಸಾಮಾನ್ಯ ತಪ್ಪು. ಕೇಸು ಹಾಕುವ ಹಂತ ಬಂದರೂ ಇಬ್ಬರನ್ನೂ ಪಾರ್ಟಿ ಮಾಡಿ. ಅಡ್ವಾನ್ಸ್ ಹೊಣೆ ಹೊಸಬರಿಗೆ ದಾಟುತ್ತದಾ ಇಲ್ಲವಾ ಅನ್ನುವುದರ ಮೇಲೆ ಕೋರ್ಟಿನಲ್ಲಿ ಎರಡೂ ಕಡೆ ವಾದ ನಡೆಯುತ್ತದೆ. ಅವರಿಬ್ಬರೂ ಒಂದೇ ಕಟಕಟೆಯಲ್ಲಿ ನಿಂತರೆ ವಾದ ಅವರವರಲ್ಲೇ ಆಗುತ್ತದೆ. ಹಣ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ನೆನಪಿರಲಿ.

ಆರು ವರ್ಷದ ಹಿಂದೆ ಅಡ್ವಾನ್ಸ್ ಕೊಟ್ಟದ್ದಕ್ಕೆ ಸಾಕ್ಷಿ ಏನಿದೆ ಅಂತ ಇವತ್ತೇ ಹುಡುಕಿ. ಬ್ಯಾಂಕಿನಿಂದ ಹೋಗಿದ್ದರೆ ಆ ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ. ನಗದು ಕೊಟ್ಟಿದ್ದರೆ ಹಳೇ ಅಗ್ರಿಮೆಂಟಿನಲ್ಲಿ ಮೊತ್ತ ಬರೆದಿರುತ್ತದೆ. ಅವಧಿ ಮುಗಿದ ಅಗ್ರಿಮೆಂಟ್ ಅಂತ ಬಿಸಾಡಿಲ್ಲ ತಾನೇ? ಅದು ಈಗ ಚಿನ್ನ.

ಅಗ್ರಿಮೆಂಟ್ ಮುಗಿದಿರುವುದರಿಂದ ನಿಮ್ಮ ಸ್ಥಾನ ಏನಾಯಿತು? ಅಕ್ರಮವಂತೂ ಆಗಿಲ್ಲ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಬಂದರೆ ತಿಂಗಳಿಂದ ತಿಂಗಳಿಗೆ ಬಾಡಿಗೆ ಮುಂದುವರಿದಿದೆ ಅಂತ ಕಾನೂನು ನೋಡುತ್ತದೆ. ಆದರೆ ಇಲ್ಲಿ ನಿಮಗೆ ಇಷ್ಟವಾಗದ ಮಾತನ್ನೂ ಹೇಳಬೇಕು. ತಿಂಗಳ ಬಾಡಿಗೆದಾರರಿಗೆ ಸಿಗುವ ರಕ್ಷಣೆ ತುಂಬ ತೆಳು. ಅಗ್ರಿಮೆಂಟ್ ಚಾಲ್ತಿಯಲ್ಲಿದ್ದಿದ್ದರೆ ಅದರಲ್ಲಿನ ಅವಧಿ, ಎರಡು ತಿಂಗಳ ನೋಟಿಸ್ ಅನ್ನುವ ಷರತ್ತು ಹೊಸ ಓನರ್‌ಗೂ ಅಂಟಿಕೊಳ್ಳುತ್ತಿತ್ತು. ಈಗ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಬರೀ 15 ದಿನದ ಲಿಖಿತ ನೋಟಿಸ್ ಕೊಟ್ಟು ಬಾಡಿಗೆ ಸಂಬಂಧ ಮುಗಿಸಬಹುದು. ಕಾರಣ ಕೊಡಬೇಕಾಗಿಲ್ಲ. ಹಳೇ ಅಗ್ರಿಮೆಂಟಿನ ನೋಟಿಸ್ ಷರತ್ತು ಈಗಲೂ ನಡೆಯುತ್ತದೆ ಅಂತ ವಾದಿಸಬಹುದು, ಅದನ್ನೇ ನಂಬಿ ಕೂರಬೇಡಿ.

ಮೂರು ವರ್ಷಕ್ಕೆ, ಐದು ವರ್ಷಕ್ಕೆ ಅಗ್ರಿಮೆಂಟ್ ಬರೆದುಕೊಂಡು ಧೈರ್ಯವಾಗಿರುವ ಓದುಗರಿಗೂ ಒಂದು ಮಾತು. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. ಆಗಿಲ್ಲದಿದ್ದರೆ ಆ ಮೂರು ವರ್ಷಕ್ಕೆ ಬೆಲೆ ಇಲ್ಲ, ನೀವೂ ತಿಂಗಳ ಬಾಡಿಗೆದಾರರೇ. ಬೆಂಗಳೂರಿನಲ್ಲಿ ಎಲ್ಲ ಅಗ್ರಿಮೆಂಟೂ ಹನ್ನೊಂದು ತಿಂಗಳಿಗೇ ಯಾಕೆ ಇರುತ್ತದೆ ಅಂದರೆ ಈ ನೋಂದಣಿ ತಪ್ಪಿಸಿಕೊಳ್ಳಲು, ಅಷ್ಟೇ.

ಹಾಗಾದರೆ 15 ದಿನ ಕಳೆದ ಮೇಲೆ? 15 ದಿನದ ನೋಟಿಸ್ ಅಂದರೆ ಹದಿನಾರನೇ ದಿನ ನಿಮ್ಮನ್ನು ಎತ್ತಿ ಹಾಕಬಹುದು ಅಂತ ಅರ್ಥವಲ್ಲ. ಹದಿನಾರನೇ ದಿನ ಅವರು ಕೋರ್ಟಿಗೆ ಹೋಗಬಹುದು ಅಂತ ಅರ್ಥ. ಕೋರ್ಟು ಡಿಕ್ರಿ, ಅಂದರೆ ತೀರ್ಪಿನ ಆದೇಶ, ಮಾಡಿ ಅದು ಜಾರಿಯಾದಾಗ ಮಾತ್ರ ನಿಮ್ಮನ್ನು ಹೊರಗೆ ಕಳಿಸಲು ಸಾಧ್ಯ. ಅಂದ ಹಾಗೆ ನಿಮಗೆ ಇನ್ನೂ ಲಿಖಿತ ನೋಟಿಸ್ಸೇ ಬಂದಿಲ್ಲ. ಮೂರು ಜನ ಬಾಗಿಲಲ್ಲಿ ನಿಂತು ಜೋರು ಮಾಡಿದ್ದು ನೋಟಿಸ್ ಅಲ್ಲ. ಆದರೂ ನೋಟಿಸಿನಲ್ಲಿ ದಿನ ಕಡಿಮೆ ಇತ್ತು, ತಾರೀಖು ತಪ್ಪಿತ್ತು ಅಂತ ಗೆಲ್ಲುವ ಕಾಲ ಹೋಯಿತು. ಮೊದಲು ತಿಂಗಳ ಕೊನೆಗೇ ನೋಟಿಸ್ ಮುಗಿಯಬೇಕು ಅಂತಿತ್ತು, ಅದರ ಮೇಲೆ ಎಷ್ಟೋ ಬಾಡಿಗೆದಾರರು ವರ್ಷಗಟ್ಟಲೆ ಕೇಸು ಎಳೆದರು. 2002ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಕಿಂಡಿ ಮುಚ್ಚಿತು.

ನೀರು ಕಟ್ ಮಾಡಿಸುತ್ತೇನೆ ಅಂದರು ಅಂತ ಬರೆದಿದ್ದೀರಿ. ಹಾಗೆ ಮಾಡಿದರೆ, ಬೀಗವನ್ನೇ ಹಾಕಿದರೆ? ನೆಮ್ಮದಿಯಾಗಿ ವಾಸವಿರುವವರನ್ನು, ಅವರ ಹಕ್ಕು ಮುಗಿದಿದ್ದರೂ, ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇರುವುದೇ ಇದಕ್ಕೆ. ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ಕೇಸು ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು. ಮನೆ ಯಾರದು ಅನ್ನುವ ಪ್ರಶ್ನೆಯನ್ನೇ ಕೋರ್ಟು ಅಲ್ಲಿ ಎತ್ತುವುದಿಲ್ಲ. ಅದಕ್ಕೂ ಮುಂಚೆ, ಬೆದರಿಕೆ ಇರುವಾಗಲೇ, ಕಾನೂನು ರೀತಿ ಬಿಟ್ಟು ಹೊರಗೆ ಹಾಕಬಾರದು, ನೀರು ಕರೆಂಟಿಗೆ ಅಡ್ಡಿ ಮಾಡಬಾರದು ಅಂತ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಕರೆಂಟ್ ವಿಷಯದಲ್ಲಿ 2003ರ ವಿದ್ಯುತ್ ಕಾಯ್ದೆ, ಓನರ್ ಮಾತ್ರವಲ್ಲ, ವಾಸವಿರುವವರೂ ಸಂಪರ್ಕ ಕೇಳಬಹುದು ಅನ್ನುತ್ತದೆ.

ಗಲಾಟೆ ಆದರೆ 112ಕ್ಕೆ ಫೋನ್ ಮಾಡಿ. ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್ ಮೇಡಂ" ಅನ್ನಬಹುದು. ಮನೆ ಯಾರು ಖಾಲಿ ಮಾಡಬೇಕು ಅನ್ನುವುದು ಸಿವಿಲ್ ಮ್ಯಾಟರ್, ನಿಜ. ಒಳಗೆ ನುಗ್ಗುವುದು, ಬೆದರಿಸುವುದು ಸಿವಿಲ್ ಅಲ್ಲ. ಈ ವ್ಯತ್ಯಾಸ ಬರೆದ ದೂರಿನಲ್ಲಿ ಕಾಣಲಿ, ಸ್ವೀಕೃತಿ ಕೇಳಿ ಪಡೆಯಿರಿ. "ಮನೆ ಖಾಲಿ ಮಾಡಿಸುತ್ತಿದ್ದಾರೆ" ಅಂತ ಬರೆಯಬೇಡಿ. ಯಾರು, ಯಾವತ್ತು, ಎಷ್ಟು ಹೊತ್ತಿಗೆ ಬಂದರು, ಏನು ಹೇಳಿದರು ಅಂತ ಬರೆಯಿರಿ. ಇದೇ ಮಾತು ಅವರಿಗೂ ಅನ್ವಯ. ಕೋರ್ಟಿನ ಆದೇಶವಿಲ್ಲದೆ ಪೊಲೀಸರು ನಿಮ್ಮನ್ನು ಖಾಲಿ ಮಾಡಿಸುವಂತಿಲ್ಲ.

ನಾದಿನಿಯವರ ಹನ್ನೆರಡು ವರ್ಷ. ಇದು ಬಾಡಿಗೆದಾರರ ಮನೆಗಳಲ್ಲಿ ಕಾಫಿ ಜೊತೆ ಹಂಚಿಕೊಳ್ಳುವ ಕಥೆ. ಓನರ್ ಅನುಮತಿಯಿಂದ, ಬಾಡಿಗೆ ಕೊಟ್ಟು ಇರುವವರು ಹನ್ನೆರಡಲ್ಲ, ನಲವತ್ತು ವರ್ಷ ಇದ್ದರೂ ಮನೆ ಅವರದಾಗುವುದಿಲ್ಲ. ಆ ನಿಯಮ ಮಾಲೀಕನ ಹಕ್ಕನ್ನೇ ಅಲ್ಲಗಳೆದು ಬಹಿರಂಗವಾಗಿ ಇರುವವರಿಗೆ. ಹಾಗೆಯೇ "ಮಾರುವ ಮುಂಚೆ ನಿಮ್ಮನ್ನು ಕೇಳಬೇಕಿತ್ತು, ಕೊಳ್ಳುವ ಮೊದಲ ಹಕ್ಕು ನಿಮ್ಮದು" ಅಂತಲೂ ಯಾರಾದರೂ ಹೇಳಿರಬಹುದು. ಅಗ್ರಿಮೆಂಟಿನಲ್ಲಿ ಬರೆದುಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ರೆಂಟ್ ಕಂಟ್ರೋಲ್ ಬಗ್ಗೆ ಹಿರಿಯರು ಹೇಳುವುದೂ ನಿಮಗೆ ಸಿಗುವುದಿಲ್ಲ. 1961ರ ಹಳೇ ಕಾಯ್ದೆ ಹೋಗಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂದಿದೆ. ಅದರಲ್ಲಿ ಖಾಲಿ ಮಾಡಿಸಲು ಕಾರಣ ತೋರಿಸಬೇಕು ಅನ್ನುವ ಒಳ್ಳೆಯ ರಕ್ಷಣೆ ಇದೆ, ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳು ಅದರ ಹೊರಗೆ. ಇವತ್ತು ಆ ದುಡ್ಡಿಗೆ ಈ ಊರಿನಲ್ಲಿ ಒಂದು ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಅಡ್ವಾನ್ಸ್ ಎರಡೇ ತಿಂಗಳು ಅನ್ನುವ ಮಾದರಿ ಬಾಡಿಗೆ ಕಾಯ್ದೆ 2021ರಲ್ಲಿ ಕೇಂದ್ರದಿಂದ ಬಂದದ್ದು ಹೌದು. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ಅದನ್ನು ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಯಜಮಾನರ ಸಲಹೆಗೆ ಬರುತ್ತೇನೆ. ಅವರ ಕೋಪ ಅರ್ಥವಾಗುತ್ತದೆ. ಆದರೆ ಒಪ್ಪಿಗೆ ಇಲ್ಲದೆ ಬಾಡಿಗೆ ನಿಲ್ಲಿಸಬೇಡಿ. ಇಲ್ಲಿಯವರೆಗೆ ನೀವು ಒಂದು ತಿಂಗಳೂ ಬಾಕಿ ಉಳಿಸಿಕೊಳ್ಳದ ಬಾಡಿಗೆದಾರರು. ಅದೇ ನಿಮ್ಮ ಬಲ. ನಿಲ್ಲಿಸಿದ ದಿನದಿಂದ ಅವರ ಬಾಯಿಗೆ ನೀವು ಸುಸ್ತಿದಾರರು. ಅಡ್ವಾನ್ಸ್ ಪಡೆದವರು ಹಳಬರು, ಬಾಡಿಗೆ ಬರಬೇಕಾದದ್ದು ಹೊಸಬರಿಗೆ. ಒಬ್ಬರ ಸಾಲವನ್ನು ಇನ್ನೊಬ್ಬರ ಬಾಕಿಗೆ ಕಳೆಯುವುದು ನಿಮಗೆ ನ್ಯಾಯ ಅನ್ನಿಸಿದರೂ ಕೋರ್ಟಿನಲ್ಲಿ ವಿವರಿಸುವುದು ಕಷ್ಟ. ಆದರೆ ಅದೇ ಸಲಹೆಯನ್ನು ಮಾತುಕತೆಯಲ್ಲಿ ಇಡಬಹುದು. "ಏಪ್ರಿಲ್‌ವರೆಗಿನ ಬಾಡಿಗೆ ಅಡ್ವಾನ್ಸ್‌ನಲ್ಲಿ ಕಳೆಯಿರಿ, ಉಳಿದದ್ದು ಬೀಗದ ಕೈ ಕೊಡುವಾಗ ಕೊಡಿ" ಅಂತ. ಹೊಸಬರು ಬರೆದು ಒಪ್ಪಿದರೆ ಅದು ನಿಮಗೆ ತುಂಬ ಸುರಕ್ಷಿತ ದಾರಿ. ಅಷ್ಟು ಬಾಡಿಗೆ ಮೊತ್ತ ನಿಮ್ಮ ಕೈಗೆ ಬಂದಂತೆಯೇ.

ಬಾಡಿಗೆ ತೆಗೆದುಕೊಳ್ಳಲು ಅವರು ಒಪ್ಪದಿದ್ದರೆ? ಇದೂ ಒಂದು ತಂತ್ರ. ಬಾಡಿಗೆ ಸ್ವೀಕರಿಸದೆ ಇದ್ದು ಆಮೇಲೆ "ಕೊಟ್ಟೇ ಇಲ್ಲ" ಅನ್ನುವುದು. ಅಕೌಂಟ್ ನಂಬರ್ ಕೇಳಿ ವಾಟ್ಸಾಪ್‌ನಲ್ಲೂ ಬರೆಯಿರಿ, ಸ್ಪೀಡ್ ಪೋಸ್ಟ್‌ನಲ್ಲೂ ಒಂದು ಪತ್ರ ಕಳಿಸಿ, ಆ ದುಡ್ಡನ್ನು ಖರ್ಚು ಮಾಡದೆ ಬೇರೆಯಾಗಿ ಇಟ್ಟುಕೊಳ್ಳಿ.

ಈಗ ನಿಮ್ಮ ಮುಂದೆ ಏನೇನಿದೆ ಅಂತ ನೋಡೋಣ. ಕೇಸು ಬರಲಿ, ನೋಡೋಣ ಅಂತ ಕೂತರೆ ವರ್ಷಗಳೇ ಕಳೆಯಬಹುದು, ಅದು ನಿಜ. ಕೆಲವರು ಅದನ್ನೇ ಜಾಣತನ ಅಂದುಕೊಳ್ಳುತ್ತಾರೆ. ಆದರೆ ನೋಟಿಸ್ ಅವಧಿ ಮುಗಿದ ಮೇಲೆ ಉಳಿದ ಪ್ರತಿ ತಿಂಗಳಿಗೂ ಮಾರುಕಟ್ಟೆ ದರದಲ್ಲಿ ನಷ್ಟ ಕಟ್ಟಿ ಅಂತ ಕೋರ್ಟು ಹೇಳಬಹುದು. ವಕೀಲರು ಅದನ್ನು ಮೀನ್ ಪ್ರಾಫಿಟ್ ಅನ್ನುತ್ತಾರೆ. ಮೀನಿಗೂ ಅದಕ್ಕೂ ಸಂಬಂಧವಿಲ್ಲ, ಗಾಳ ಮಾತ್ರ ಅಂಥದ್ದೇ. 19,000 ಬಾಡಿಗೆ ಮನೆಗೆ 28,000 ಲೆಕ್ಕ ಹಾಕಿದರೆ ನಿಮ್ಮ ಅಡ್ವಾನ್ಸ್ ಅದರಲ್ಲೇ ಕರಗುತ್ತದೆ. ಒಡೆಯುವ ಮನೆಯಲ್ಲಿ, ಜಗಳದ ಓನರ್ ಕೆಳಗಡೆ ಓಡಾಡುತ್ತಿರುವಾಗ, ಮಗಳು ಪರೀಕ್ಷೆಗೆ ಓದುವುದೂ ಕಷ್ಟ.

ತಿಂಗಳ ಕೊನೆಗೇ ಖಾಲಿ ಮಾಡಿ ಪೀಡೆ ಕಳೆದುಕೊಳ್ಳುವುದು ಇನ್ನೊಂದು ದಾರಿ. ದುಡ್ಡು ಕೈಗೆ ಬರದೆ ಮಾತ್ರ ಹೀಗೆ ಮಾಡಬೇಡಿ. ಬೀಗದ ಕೈ ಕೊಟ್ಟ ಕ್ಷಣದಿಂದ ನಿಮ್ಮ ಫೋನು ಎತ್ತುವವರು ಕಡಿಮೆ.

ನನ್ನನ್ನು ಕೇಳಿದರೆ ಏಪ್ರಿಲ್ ಮಧ್ಯದವರೆಗೆ ಸಮಯ ಕೇಳಿ. ಅವರಿಗೂ ಲೆಕ್ಕ ಇದೆ. ಮನೆ ಕೊಳ್ಳಲು ಸಾಲ ಮಾಡಿದ್ದರೆ ಕಂತು ಓಡುತ್ತಿರುತ್ತದೆ, ಕಟ್ಟಡದ ಪ್ಲಾನ್ ಮಂಜೂರಾತಿಗೇ ಹೇಗೂ ಸಮಯ ಬೇಕು. ಕೋರ್ಟಿಗೆ ಹೋದರೆ ಮೂರು ತಿಂಗಳಲ್ಲ, ಎಷ್ಟು ಮಳೆಗಾಲ ಕಳೆಯುತ್ತದೋ ಅಂತ ಅವರ ವಕೀಲರೇ ಅವರಿಗೆ ಹೇಳುತ್ತಾರೆ. ಮೂರು ತಿಂಗಳ ಮಾತು ಕೊಟ್ಟು, ಮಾತಿನ ಪ್ರಕಾರ ಹೋಗುವ ಬಾಡಿಗೆದಾರರು ಅವರಿಗೂ ಲಾಭವೇ. ಮುಖಾಮುಖಿ ಕೂತು ಮಾತಾಡಲು ಆಗುತ್ತಿಲ್ಲ ಅನ್ನಿಸಿದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆ ಇದೆ. ಅರ್ಜಿ ನಿಮ್ಮ ಹೆಸರಿನಲ್ಲೇ ಹಾಕಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. 15100 ಸಹಾಯವಾಣಿ ನಂಬರ್. ಲೋಕ ಅದಾಲತ್‌ನಲ್ಲಿ ಬರೆದುಕೊಂಡ ರಾಜಿಗೆ ಕೋರ್ಟು ಡಿಕ್ರಿಯ ಬೆಲೆ ಇದೆ. ವಾಟ್ಸಾಪ್ ಒಪ್ಪಂದಕ್ಕಿಂತ ಅದು ಎಷ್ಟೋ ಮೇಲು.

ಸಣ್ಣಪುಟ್ಟ ವಿಷಯಗಳೂ ಇವೆ. ಮನೆಯಲ್ಲಿ ಯಾರಾದರೂ ಎಚ್‌ಆರ್‌ಎ, ಅಂದರೆ ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಗೆ, ತೆರಿಗೆ ವಿನಾಯಿತಿ ತೆಗೆದುಕೊಳ್ಳುತ್ತಿದ್ದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟುವುದರಿಂದ ಹೊಸ ಓನರ್ ಪ್ಯಾನ್ ನಂಬರ್ ಬೇಕಾಗುತ್ತದೆ. ಮೊದಲ ಬಾಡಿಗೆ ಕೊಡುವಾಗಲೇ ಕೇಳಿ ಪಡೆಯಿರಿ. ಗೃಹ ಜ್ಯೋತಿಗೆ ಈ ಮನೆಯ ಆರ್‌ಆರ್ ನಂಬರ್ ಜೋಡಿಸಿದ್ದರೆ ಹೋಗುವಾಗ ಡಿಲಿಂಕ್ ಮಾಡಿಸಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ತೊಡಕು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ನಮ್ಮೂರ ಪದ್ಧತಿ ಗೊತ್ತಲ್ಲ. ಒಡೆಯುವ ಮನೆಗೆ ಪೇಂಟಿಂಗ್ ಯಾಕೆ ಅಂತ ಮೆಲ್ಲಗೆ ಕೇಳಿ. ಇದನ್ನೂ ಕೇಳದೆ 19,000 ಬಿಟ್ಟುಬಂದವರನ್ನು ನೋಡಿದ್ದೇನೆ.

ಭೋಗ್ಯಕ್ಕೆ, ಅಂದರೆ ಬೆಂಗಳೂರಿನ ಮಾತಿನಲ್ಲಿ ಲೀಸ್‌ಗೆ ಇರುವವರೂ ಇದನ್ನು ಓದುತ್ತಿದ್ದರೆ, ನಿಮ್ಮ ಅಪಾಯ ಇವರಿಗಿಂತ ಹತ್ತು ಪಟ್ಟು. ಇಪ್ಪತ್ತು ಮೂವತ್ತು ಲಕ್ಷ ಕೊಟ್ಟು ಸ್ಟಾಂಪ್ ಪೇಪರ್ ಮೇಲೆ ಬರೆದುಕೊಂಡು ಸುಮ್ನೆ ಕೂತಿರುತ್ತೀರಿ. ಪತ್ರ ನೋಂದಣಿ ಆಗಿರುವುದಿಲ್ಲ, ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯಾ ಅಂತ ನೋಡಿರುವುದೂ ಇಲ್ಲ. ಓನರ್ ಸಾಲ ಕಟ್ಟದೆ ಬ್ಯಾಂಕು ಹರಾಜು ಹಾಕಿದರೆ, ಅಡಮಾನ ಆದ ಮೇಲೆ ನೋಂದಣಿ ಇಲ್ಲದೆ ಒಳಗೆ ಬಂದವರಿಗೆ ಸಾಲ ವಸೂಲಿ ನ್ಯಾಯಮಂಡಳಿಯಲ್ಲಿ ಹೇಳಲು ಹೆಚ್ಚೇನೂ ಇರುವುದಿಲ್ಲ. ಇಸಿ ಇವತ್ತೇ ತೆಗೆಸಿ.

ನಿಮ್ಮ ವಿಷಯಕ್ಕೆ ವಾಪಸ್. ಖಾಲಿ ಮಾಡುವ ದಿನ ಅಡ್ವಾನ್ಸನ್ನು ಚೆಕ್‌ನಲ್ಲಿ ಕೊಡುತ್ತೇನೆ ಅಂದರೆ ಮೂರು ದಿನ ಮುಂಚೆಯೇ ಕೇಳಿ, ಅದು ಪಾಸ್ ಆಗಿದ್ದು ನೋಡಿ. ಇಲ್ಲವೇ ಆವತ್ತೇ ಅಲ್ಲೇ ನಿಂತು ಅಕೌಂಟಿಗೆ ಹಾಕಿಸಿಕೊಳ್ಳಿ. ಖಾಲಿ ಮನೆಯ ಪ್ರತಿ ರೂಮು, ಮೀಟರ್ ರೀಡಿಂಗ್ ಎಲ್ಲಾ ವಿಡಿಯೋ ಮಾಡಿ. ಮೆಸೇಜ್ ಬಂದು, ಬ್ಯಾಲೆನ್ಸ್ ನೋಡಿದ ಮೇಲೆ ಬೀಗದ ಕೈ ಕೊಡಿ. ಕೊಟ್ಟದ್ದಕ್ಕೂ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಮೇ ತಿಂಗಳ ಬಾಡಿಗೆ ಕೇಳಿ ಜೂನ್‌ನಲ್ಲಿ ಫೋನ್ ಬರುತ್ತದೆ.